ಪರದೆಯ ಮೇಲಿನ ತುಂಗಭದ್ರೆ

ಶುದ್ಧ ಇಂಗ್ಲಿಷಿನಲ್ಲಿ ಬರೆದದ್ದನ್ನು ನಂಬಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಮೊಬೈಲ್ ಬಂದ ಮೇಲೆ ಅದರಿಂದ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ. ಕಳೆದ ಮಳೆಗಾಲದ ಒಂದೇ ವಾರದಲ್ಲಿ ಮೂರಾದವು. ಮಲೆನಾಡಿನಲ್ಲಿ ಮಳೆ ಸುರಿದು ತುಂಗಭದ್ರೆಗೆ ನೀರು ಬರುತ್ತಿತ್ತು; ಕೊರ್ಲಹಳ್ಳಿಯಲ್ಲಿ ನನ್ನ ತಂಗಿಯ ಮನೆ ದಂಡೆಯ ಹತ್ತಿರವೇ ಇದೆ. ಗದಗಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮೇಟ್ರನ್ ಆಗಿರುವ ನನಗೆ ಇಲ್ಲಿ ಊಟ ಸೇರುತ್ತಿರಲಿಲ್ಲ.

೧. ಬಟ್ಟೆ

ನನ್ನ ಚಿಂತೆ ಮರೆಸಲೆಂದು, ಚಿತ್ರಕಲೆ ಓದುವ ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಇಂಟರ್ನೆಟ್ ಕಲೆ ತೋರಿಸಿದಳು. ನೋಡುವವರು ಮುಟ್ಟಿದರೆ ಚಿತ್ರ ಬದಲಾಗುತ್ತದೆ. ಒಂದು ಸಲ ಮುಟ್ಟಿದರೆ ಒಂದು ಎಳೆ. ಹೀಗೆ ಜಗತ್ತಿನವರೆಲ್ಲ ಸೇರಿ ಬಟ್ಟೆ ನೇಯುತ್ತಿದ್ದರು. ಹಾಸ್ಟೆಲ್ಲಿಗೆ ಸೀರೆ ಮಾರಲು ಬಂದಿದ್ದ ಬೆಟಗೇರಿಯ ನೇಕಾರರೊಬ್ಬರು ಕನ್ನಡಕ ಏರಿಸಿ ನೋಡಿದರು.

"ಅಡ್ಡ ಎಳಿ ಅಷ್ಟ ಅದಾವ್ರಿ. ಉದ್ದ ಎಳಿ ಇಲ್ಲ."

"ಇದು ಕಲೆ," ಎಂದೆ.

"ಕಲಾ ಖರೆ, ಬಾಯಾರ. ಉಟ್ಕೊಂಡು ಹೊರಗ ಹೋಗಬ್ಯಾಡ್ರಿ ಅಷ್ಟ."

೨. ಮುಖ

ಮರುದಿನ ಅವಳು ತೋರಿಸಿದ್ದು, ಮುಖ ನೋಡಿ ಮನಸ್ಸು ಹೇಳುವ ಪುಟ. ಸೆರಗು ಸರಿಪಡಿಸಿಕೊಂಡು ಕ್ಯಾಮೆರಾವನ್ನು ನೆಟ್ಟಗೆ ನೋಡಿದೆ. 'ಭಯ' ಎಂದು ಬಂತು. "ನನಗೆಂಥ ಭಯ?" ಎಂದು ಗದರಿದೆ. ತಂಗಿಯ ವಿಷಯ ಇದಕ್ಕೂ ಗೊತ್ತಾಯಿತೇ?

ಅಡುಗೆಯವಳು ಪಾತ್ರೆ ಇಳಿಸುತ್ತ ಹೇಳಿದಳು: "ನಿಮಗಲ್ಲರಿ. ನೀವು ಹಂಗ ದಿಟ್ಟಿಸಿದ್ದಕ್ಕ ಅದಕ್ಕ ಭಯ ಆಗಿರಬೇಕು."

೩. ನದಿ

ಮೂರನೆಯ ಪುಟ ತೆರೆದು, ಮೊಬೈಲ್ ನನ್ನ ಕೈಗೆ ಕೊಟ್ಟು ಹುಡುಗಿ ಊಟಕ್ಕೆ ಹೋದಳು. ನದಿಯ ಹೆಸರು, ದಂಡೆಯಲ್ಲಿ ನಮ್ಮ ಬಂಧುಗಳಿರುವ ಊರಿನ ಹೆಸರು ಕೇಳಿತು. ಎರಡನ್ನೂ ತಪ್ಪಿಲ್ಲದೆ ಬರೆದೆ. ಪರದೆಯ ಮೇಲೆ ತುಂಬಿದ ಹೊಳೆ, ದಂಡೆಗೊಂದು ಮನೆ, ಕೆಳಗೆ ಇಂಗ್ಲಿಷಿನಲ್ಲಿ 'ನೀರು ಏರುತ್ತಿದೆ' ಎಂಬ ಸಾಲು. ಎಲ್ಲಿಯವರೆಗೆ ಬಂದಿದೆ ನೋಡೋಣವೆಂದು ಬೆರಳಿಟ್ಟೆ; ನೀರು ಮೆಟ್ಟಿಲೇರಿತು. ಮತ್ತೆ ಇಟ್ಟೆ, ಹೊಸ್ತಿಲಿಗೆ ಬಂತು. ನನ್ನ ಫೋನಿನಿಂದ ತಂಗಿಯನ್ನು ಕರೆದೆ.

"ಎಮ್ಮಿ ಬಿಚ್ಚಿಕೊಂಡು ಮ್ಯಾಲಕ್ಕ ಹೋಗ. ನೀರು ಹೊಸ್ತಲಕ್ಕ ಬಂದೈತಿ."

"ಹೊಸ್ತಲದಾಗ ನಾನ ಕುಂತೇನಿ, ಅಕ್ಕಾ. ಹೊಳಿ ಇನ್ನೂ ಭಾಳ ಕೆಳಗೈತಿ."

"ಸರಿಯಾಗಿ ನೋಡ. ಇಲ್ಲಿ ಇಂಗ್ಲಿಷಿನಾಗ ಬರದಾರ."

ನನ್ನ ದನಿ ಕೇಳಿ ಹುಡುಗಿ ಎಂಜಲು ಕೈಯಲ್ಲೇ ಓಡಿಬಂದಳು. "ಮೇಡಂ, ಅದು ಖರೇ ಹೊಳಿ ಅಲ್ರಿ, ಚಿತ್ರ. ನೀವು ಮುಟ್ಟಿದಂಗ ನೀರು ಏರತೈತಿ."

ಅದು ತಂಗಿಗೂ ಕೇಳಿಸಿತು.

"ಅಕ್ಕಾ, ಅಂಗಳದಾಗ ಜೋಳ ಒಣಗಾಕ ಹಾಕೇನಿ. ಒಳಗ ತರೂತನಕ ಬೆರಳು ಮ್ಯಾಲ ಹಿಡಿ."