ಐದು ಲೋಟ ಹಾಲಿನ ದಂತಸಂಶೋಧನೆ

ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಸಿರಾ ಶಾಲೆಯ ಹೆಡ್‌ಮಾಸ್ಟರ್ ಹುದ್ದೆ ಖಾಲಿ ಬಿತ್ತು. ಇನ್ಸ್‌ಪೆಕ್ಟರ್ ಸಾಹೇಬರು ನನ್ನದೊಂದು ಪ್ರಯೋಗ ನೋಡಿ ಮೆಚ್ಚಿದರೆ ಆ ಕುರ್ಚಿ ನನಗೇ ಎಂದು ಸುಳಿವು ಬಂತು. ಪ್ರಯೋಗವೇ? ನನಗದು ನೀರು ಕುಡಿದಷ್ಟು ಸುಲಭ!

ಯಾವುದರಿಂದ ಬಾಯಿ ಮುಕ್ಕಳಿಸಿದರೆ ಕ್ರಿಮಿಗಳು ಬೆಳೆಯುವುದಿಲ್ಲ ಎಂದು ಲೋಕಕ್ಕೆ ತೋರಿಸಲು ತೀರ್ಮಾನಿಸಿದೆ. ಕ್ರಿಮಿ ಬೆಳೆದರೆ ಹಾಲು ಕೆಡುತ್ತದೆ. ಐದು ಲೋಟಗಳಲ್ಲಿ ಕಾಯಿಸಿ ಆರಿಸಿದ ಹಾಲು ತೆಗೆದುಕೊಂಡೆ. ಮುಕ್ಕಳಿಸಲು ಬರೀ ನೀರು, ಉಪ್ಪುನೀರು, ಬೇವಿನ ಕಷಾಯ, ಲವಂಗದ ನೀರು, ಕೊನೆಗೆ ನನ್ನದೇ ಆವಿಷ್ಕಾರವಾದ ಜಾಲಿಚಕ್ಕೆಯ ಕಷಾಯ. ಅರ್ಧರ್ಧ ಗಂಟೆ ಬಿಟ್ಟು ಒಂದೊಂದರಲ್ಲಿ ಮುಕ್ಕಳಿಸಿ, ಒಂದೊಂದು ಲೋಟಕ್ಕೆ ಒಂದು ತೊಟ್ಟು ಉಗುಳಿದೆ. ಮರುದಿನ ನಾಲ್ಕು ಕೆಟ್ಟು, ಜಾಲಿಯದೊಂದೇ ಹಾಲಾಗಿ ಉಳಿಯಬೇಕು. ನಾನು ಸಿರಾಕ್ಕೆ ಹೊರಡಬೇಕು!

ಒಂದೇ ತೊಡಕು. ನಮ್ಮ ಮನೆಯಲ್ಲಿ ಎಂಜಲು ಕೈ ಉಪ್ಪಿಗೆ ತಗುಲಿದರೂ ಅಷ್ಟೂ ಉಪ್ಪು ಬೀದಿಗೆ. ಹಾಲಿಗೆ ಉಗುಳಿದ್ದು ತಿಳಿದರೆ ನನ್ನ ಹೆಂಡತಿ ಗೌರಮ್ಮ ನನ್ನನ್ನೇ ಬೀದಿಗೆ ಎಸೆಯುತ್ತಾಳೆ. ಆದ್ದರಿಂದ ತುಟಿಪಿಟಕ್ಕೆನ್ನದೆ ಲೋಟಗಳನ್ನು ಉಗ್ರಾಣದ ಗೂಡಿನಲ್ಲಿ ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಸಾಹೇಬರು ಬಸ್ಸಿಳಿದು ನೇರವಾಗಿ ನಮ್ಮ ಮನೆಗೇ ಬಂದರು.

"ಮೇಷ್ಟ್ರೇ, ಪ್ರಯೋಗ ಆಮೇಲೆ. ಮೊದಲು ಕುಡಿಯೋಕೆ ತಣ್ಣಗೆ ಏನಾದ್ರೂ ಕೊಡಿಸಿ."

ಗೌರಮ್ಮ ತಂಬಿಗೆ ತುಂಬ ಮಜ್ಜಿಗೆ ತಂದಳು. ಸಾಹೇಬರು ಒಂದು ಲೋಟ ಗಟಗಟನೆ ಕುಡಿದರು. "ಆಹಾ! ಏನು ರುಚಿ ತಾಯಿ!"

"ಏನ್ ಯೋಳ್ಲಿ ಬುದ್ದೀ! ಇವ್ರು ಐದು ಲೋಟ ಹಾಲು ಉಗ್ರಾಣದಾಗೆ ಮಡಗಿ ಮರ್ತೇಬುಟ್ಟಿದ್ರು. ಅಂಗೇ ಬುಟ್ರೆ ಕೆಟ್ಟೋಯ್ತದಲ್ಲಾ ಅಂತ ಎಲ್ಲಾದ್ಕೂ ಹೆಪ್ಪು ಹಾಕ್ಬುಟ್ಟೆ. ಎಂಥಾ ಗಟ್ಟಿ ಮೊಸರು ಅಂತೀರಾ! ಎಲ್ಲಾ ಸೇರ್ಸಿ ಕಡೆದ್ಬುಟ್ಟೆ."

ಹೆಪ್ಪೆಂದರೆ ಕ್ರಿಮಿಗಳ ದಂಡು! ಜಾಲಿ, ಬೇವು, ಲವಂಗ ಎಲ್ಲವೂ ಒಂದೇ ತಂಬಿಗೆಯಲ್ಲಿ!

"ಸ್ವಾಮೀ, ಸಾಕೇನೋ..." ಎಂದೆ.

"ಅದ್ಯಾಕ್ರೀ ಅಂಗಂತೀರಾ? ಮನೆಗ್ ಬಂದೋರ್ಗೆ ಸಾಕು ಅಂತಾರಾ? ಮಾನ ಕಳೀತೀರಲ್ಲ!" ಗೌರಮ್ಮ ಕಣ್ಣು ಬಿಟ್ಟಳು. ಸಾಹೇಬರಿಗೆ ಎರಡನೆಯ ಲೋಟ ಬಿತ್ತು. ನನ್ನ ಕೈಗೂ ಒಂದು ಬಂತು. ಬೇಡವೆನ್ನಲು ಕಾರಣ ಹೇಳಬೇಕಲ್ಲ, ಕುಡಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು.

ಸಾಹೇಬರು ಮೀಸೆ ಒರೆಸಿಕೊಂಡರು. "ಹ್ಞಾ, ಈಗ ತೋರಿಸಿ. ಎಲ್ಲಿ ನಿಮ್ಮ ಪ್ರಯೋಗ?"

ನಾನು ಅವರ ಹೊಟ್ಟೆಯನ್ನೇ ನೋಡುತ್ತಾ ನಿಂತೆ.

"ವಿಜ್ಞಾನದ ಮೇಷ್ಟ್ರು ಪ್ರಯೋಗವೊಂದನ್ನೂ ತೋರಿಸಲಿಲ್ಲ" ಎಂದು ಸಾಹೇಬರು ವರದಿ ಬರೆದರು. ಸಿರಾದ ಕುರ್ಚಿ ಡ್ರಿಲ್ ಮೇಷ್ಟ್ರಿಗೆ ಹೋಯಿತು. ಸಾಹೇಬರು ಮಾತ್ರ ಈ ಕಡೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಮಜ್ಜಿಗೆ ಕುಡಿದು, "ಯಾಕೋ ಅವತ್ತಿನ ರುಚಿ ಇಲ್ಲ ತಾಯಿ" ಎಂದು ಪೇಚಾಡುತ್ತಿದ್ದರು.

ಏನು ಕಮ್ಮಿಯಾಗಿದೆಯೆಂದು ನನಗೆ ಗೊತ್ತಿತ್ತು. ಆದರೆ ಹೇಳುವುದು ಹೇಗೆ? ಹೆಡ್‌ಮಾಸ್ಟರಿಕೆಯಂತೂ ಹೋಯಿತು, ಬರೀ ಮೇಷ್ಟ್ರಾಗಿಯಾದರೂ ಉಳಿಯಬೇಕಲ್ಲ!