ನಾನು ಓಡಿಸಿದಾಗ ಮಾತ್ರ ಬರುವ ಜ್ವರ

ನಮ್ಮ ಕಾರಿಗೆ ಇಪ್ಪತ್ತೆರಡು ವರ್ಷ. ಆ ವಯಸ್ಸಿನಲ್ಲಿ ಮನುಷ್ಯರಿಗೆ ಮದುವೆಯ ಮಾತು ಶುರುವಾಗುತ್ತದೆ, ಕಾರುಗಳಿಗೆ ಗುಜರಿಯ ಮಾತು. ಮುಪ್ಪಿನ ಬಗ್ಗೆ ನನ್ನ ತಕರಾರಿಲ್ಲ. ನಾನು ಓಡಿಸಿದರೆ ಅದು ಕುದಿಯುತ್ತದೆ, ನನ್ನ ಹೆಂಡತಿ ಓಡಿಸಿದರೆ ಕುದಿಯುವುದಿಲ್ಲ. ತಕರಾರು ಈ ಪಕ್ಷಪಾತದ ಬಗ್ಗೆ. (ಮನೆಯ ಕುಕ್ಕರ್, ಬಚ್ಚಲಿನ ನಲ್ಲಿ, ಹಿಂಬಾಗಿಲಿನ ಚಿಲಕ ಎಲ್ಲವೂ ಮೊದಲೇ ಅವಳ ಪಕ್ಷ ಸೇರಿದ್ದವು. ಕಾರೊಂದಾದರೂ ನನ್ನ ಕಡೆ ಇದೆಯೆಂದು ನಂಬಿದ್ದೆ.)

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವ. ಅಲ್ಲಿ ಪುಸ್ತಕದ ಬೆನ್ನಿಗೆ ಅಂಟಿಸುವ ಹಸಿರು ಬಟ್ಟೆಯ ಪಟ್ಟಿಯ ತುಂಡುಗಳು ಉಳಿಯುತ್ತವೆ. ಅವನ್ನು ತಂದು ಮನೆಯಲ್ಲಿ ಬಿರುಕು ಬಿಟ್ಟದ್ದಕ್ಕೆಲ್ಲ ಸುತ್ತುತ್ತೇನೆ. ಕೊಡೆಯ ಹಿಡಿ, ಟಿವಿಯ ರಿಮೋಟ್, ಅತ್ತೆಯ ಕನ್ನಡಕದ ಕಾಲು ಎಲ್ಲವೂ ಹಸಿರು. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ಅವಳು ಯಾವುದಕ್ಕೂ ಪಟ್ಟಿ ಸುತ್ತುವುದಿಲ್ಲ. ಮೊದಲು ಪ್ರಶ್ನೆ ಕೇಳುತ್ತಾಳೆ.

ಬೆಳಿಗ್ಗೆ ಮುದ್ರಣಾಲಯಕ್ಕೆ ಅರ್ಧ ಗಂಟೆಯ ದಾರಿ. ಕಿಟಕಿ ಇಳಿಸಿ, ಒಂದು ಮೊಣಕೈ ಹೊರಗಿಟ್ಟು, ಸಾಲುಮರಗಳ ನೆರಳು ಮಡಿಲ ಮೇಲೆ ಒಂದೊಂದಾಗಿ ಹಾದುಹೋಗುವುದನ್ನು ನೋಡುತ್ತ ಓಡಿಸುವ ಆ ಅರ್ಧ ಗಂಟೆಯಲ್ಲಷ್ಟೇ ನಾನು ಯಜಮಾನ. ಎಸಿ ಹಾಕುವುದಿಲ್ಲ. ಮುದಿ ಎಂಜಿನ್ನಿನ ಮೇಲೆ ಅದರ ಭಾರವನ್ನೂ ಹೇರಬಾರದೆಂಬ ಕರುಣೆ. ಹೆಂಡತಿಗೆ ಆ ಕರುಣೆ ಇಲ್ಲ. ವಾರಕ್ಕೆರಡು ಸಲ ಓಡಿಸುತ್ತಾಳೆ, ಕೂತ ಕೂಡಲೇ ಗಾಜು ಏರಿಸಿ ಎಸಿ ಗುಂಡಿ ಒತ್ತುತ್ತಾಳೆ.

ಬೇಸಿಗೆ ಬಂದದ್ದೇ ಕುದಿತ ಶುರುವಾಯಿತು. ಕಾರು ಓಡುವಾಗ ಮುಂದಿನ ರೇಡಿಯೇಟರಿಗೆ ಗಾಳಿ ತಾನಾಗಿ ಬಡಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದಕ್ಕೆ ಗಾಳಿ ಬೀಸುವ ಕೆಲಸ ಫ್ಯಾನಿನದು. ನೀರು ಕಾದ ಕೂಡಲೇ ಯಾರೂ ಹೇಳದೆ ತಿರುಗಬೇಕು. ನಮ್ಮದು ತಿರುಗಲಿಲ್ಲ. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನಿಂದ ಹಬೆ ಎದ್ದಿತು, ಹಿಂದಿನ ವಾಹನದವರು ನನ್ನ ಕುಲಗೋತ್ರ ವಿಚಾರಿಸಿದರು.

ಎಂಜಿನ್ನಿನ ಬಿಸಿಯನ್ನು ಹೀಟರಿನ ಮೂಲಕ ಕಾರಿನೊಳಗೆ ಎಳೆದುಕೊಂಡರೆ ಕುದಿತ ತಡೆಯಬಹುದೆಂದು ಎಲ್ಲೋ ಓದಿದ್ದೆ. ಎರಡನೆಯ ಸಲ ಕುದಿಯುವ ಲಕ್ಷಣ ಕಂಡಾಗ, ಸುಡುಬಿಸಿಲಿನ ಮಧ್ಯಾಹ್ನ, ಹೀಟರನ್ನು ಪೂರ್ತಿ ತಿರುಗಿಸಿದೆ. ಹಿಂದೆ ಅತ್ತೆ ಕೂತಿದ್ದರು. ಹತ್ತು ನಿಮಿಷ ಸೆರಗಿನಿಂದ ಗಾಳಿ ಹಾಕಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು: "ಅಳಿಯಂದ್ರೇ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಬಾಯಿಬಿಟ್ಟು ಹೇಳಿ. ಹೀಗೆ ಬೇಯಿಸಬೇಡಿ."

ಅಷ್ಟಾದರೂ ಕಾರು ಕುದಿಯಿತು. ಆ ಸಂಜೆ ಹೆಂಡತಿ ತೀರ್ಪು ಕೊಟ್ಟಳು. "ಇನ್ನೊಂದು ಸಲ ದಾರಿಯಲ್ಲಿ ಕುದೀತೋ, ಕಾರಿನ ಕೀ ನನ್ನ ಕೈಗೆ. ಆಮೇಲೆ ನೀವು ಪಕ್ಕದ ಸೀಟಲ್ಲಿ ಕೂತು ಮರ ಎಣಿಸಿ."

ನನ್ನ ಅರ್ಧ ಗಂಟೆಯ ಸಾಮ್ರಾಜ್ಯಕ್ಕೆ ಕುತ್ತು ಬಂದಿತ್ತು. ಒಂದು ಟೆಸ್ಟ್ ಲ್ಯಾಂಪು, ಎರಡು ತುಂಡು ವೈರು, ಒಂದು ನೋಟ್‌ಬುಕ್ಕು (ಹಸಿರು ಬೆನ್ನಿನದು) ಹಿಡಿದು ಸಂಶೋಧನೆಗೆ ಇಳಿದೆ. ಫ್ಯೂಸ್ ನೋಡಿದೆ, ಸುಟ್ಟಿರಲಿಲ್ಲ. ಬ್ಯಾಟರಿಯಿಂದ ನೇರವಾಗಿ ಫ್ಯಾನಿಗೆ ವೈರು ಕೊಟ್ಟೆ. ಗಾಢ ನಿದ್ರೆಯಿಂದ ಎದ್ದಂತೆ ಗುರ್ರೆಂದು ತಿರುಗಿ, ಒಳಗಿದ್ದ ಒಣ ಎಲೆಗಳನ್ನೆಲ್ಲ ನನ್ನ ಮುಖಕ್ಕೆ ಎರಚಿತು. ಹಾಗಾದರೆ ಫ್ಯಾನು ನಿರಪರಾಧಿ. ಉಳಿದದ್ದು ರಿಲೇ, ಅಂದರೆ ಫ್ಯಾನಿಗೆ ಕರೆಂಟು ದಾಟಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಹಾರ್ನಿನ ರಿಲೇಯೂ ಅದೇ ಅಳತೆಯದು. ಅದನ್ನು ಕಿತ್ತು ಫ್ಯಾನಿನ ಜಾಗದಲ್ಲಿ ಕೂರಿಸಿ, ಫ್ಯಾನಿನದನ್ನು ಮುಂದಿನ ಅಧ್ಯಯನಕ್ಕೆಂದು ಅಂಗಿಯ ಜೇಬಿಗೆ ಹಾಕಿಕೊಂಡೆ.

ಮರುದಿನ ಹೆಂಡತಿ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಳು. ಕಾರು ಕುದಿಯಲಿಲ್ಲ, ಆದರೆ ಹಾರ್ನು ಕೂಗಲಿಲ್ಲ. ಕೂಗುವುದಾದರೂ ಹೇಗೆ, ಅದರ ಡಬ್ಬಿ ಫ್ಯಾನಿನ ಜಾಗದಲ್ಲಿ, ಫ್ಯಾನಿನ ಡಬ್ಬಿ ನನ್ನ ಜೇಬಿನಲ್ಲಿ. ದಾರಿಯುದ್ದಕ್ಕೂ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, "ಸ್ವಲ್ಪ ಜರುಗಿ, ನಮ್ಮ ಅಳಿಯಂದ್ರು ರಿಪೇರಿ ಮಾಡಿದ್ದಾರೆ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತ ಹೋದರಂತೆ. ಜನ ಹಾರ್ನಿಗಿಂತ ಬೇಗ ಜರುಗಿದರಂತೆ.

ಆ ಹೊತ್ತಿಗೆ ಹೆಂಡತಿ ಅಡುಗೆಮನೆಯ ಗೋಡೆಗೆ ಒಂದು ಕಾಗದ ಅಂಟಿಸಿದ್ದಳು. ವಾರ್ಡಿನಲ್ಲಿ ರೋಗಿಯ ಮಂಚಕ್ಕೆ ತೂಗುಹಾಕುವಂಥ ಜ್ವರದ ಪಟ್ಟಿ. ಯಾವ ದಿನ, ಯಾರು ಓಡಿಸಿದರು, ಎಸಿ ಇತ್ತೋ ಇಲ್ಲವೋ, ಮುಳ್ಳು ಎಲ್ಲಿಗೆ ಏರಿತು ಎಂಬ ನಾಲ್ಕು ಕಾಲಮು. "ಅದನ್ನ ನೋಡಿ" ಎಂದು ದಿನಕ್ಕೆರಡು ಸಲ ಹೇಳುತ್ತಿದ್ದಳು. ನಾನು ನೋಡಿದೆ. ಜ್ವರವೆಲ್ಲ ನನ್ನ ಹೆಸರಿನ ಮುಂದೆಯೇ ಇತ್ತು. ಇದು ವಿಜ್ಞಾನವಲ್ಲ, ಚಾಡಿ ಎಂದು ತೀರ್ಮಾನಿಸಿ ಮತ್ತೆ ನೋಡಲಿಲ್ಲ.

ಭಾನುವಾರ ಊರಿನ ಆಚೆ ತುದಿಯ ನಾದಿನಿಯ ಮನೆಗೆ ಹೊರಟೆವು. ಸ್ಟೀರಿಂಗ್ ನನ್ನದು. ಸೇತುವೆಯ ನಡುವೆ ವಾಹನಗಳು ಜಪಕ್ಕೆ ಕೂತಂತೆ ನಿಂತುಬಿಟ್ಟವು. ಮುಳ್ಳು ಅರ್ಧ ದಾಟಿತು, ಮುಕ್ಕಾಲು ದಾಟಿತು. ಕೆಳಗೆ ನದಿ ತಣ್ಣಗೆ ಹರಿಯುತ್ತಿತ್ತು. ಇಷ್ಟು ನೀರು ಕಣ್ಣೆದುರು ಇದ್ದೂ ನನ್ನ ಎರಡು ಮಡಕೆಯಷ್ಟು ನೀರು ಕುದಿಯಬೇಕೇ ಎಂದು ಸಂಕಟವಾಯಿತು. ಕೀಯ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ನನ್ನ ಕೈ ಹೀಟರಿನ ಕಡೆ ಸರಿಯುತ್ತಲೇ ಹಿಂದಿನಿಂದ ಅತ್ತೆ, "ನಾನು ಇಲ್ಲೇ ಇಳಿದು ನಡೀತೀನಿ" ಎಂದರು.

ಹೆಂಡತಿ ನನ್ನ ಕೈಯನ್ನು ಮಗುವಿನ ಕೈಯಂತೆ ತೆಗೆದಿಟ್ಟಳು. ಗಾಜುಗಳನ್ನು ಏರಿಸಿದಳು. ಎಸಿ ಗುಂಡಿ ಒತ್ತಿದಳು.

ಮುಂದೆ ಎಲ್ಲೋ ಗುರ್ರೆಂದಿತು. ನನ್ನ ಮುಖಕ್ಕೆ ಎಲೆ ಎರಚಿದ ಅದೇ ದನಿ. ಮುಳ್ಳು ಒಂದು ಕ್ಷಣ ಯೋಚಿಸಿ ಕೆಳಗಿಳಿಯತೊಡಗಿತು.

"ಎಸಿ ಹಾಕಿದ್ರೆ ಫ್ಯಾನ್ ಜೊತೆಗೇ ತಿರುಗುತ್ತೆ ಕಣ್ರೀ," ಎಂದಳು. "ಅಂದ್ರೆ ಫ್ಯಾನೂ ಚೆನ್ನಾಗಿದೆ, ನಿಮ್ಮ ಜೇಬಿನ ಡಬ್ಬೀನೂ ಚೆನ್ನಾಗಿದೆ, ಅದಿದ್ದಾಗಲೂ ನಾನು ಓಡಿಸಿದ್ರೆ ಕುದೀತಿರಲಿಲ್ಲ. ಬಿಸಿ ಆಗಿದೆ ಅಂತ ಅದಕ್ಕೆ ಯಾರೂ ಹೇಳ್ತಿಲ್ಲ, ಅಷ್ಟೆ. ವಾರ್ಡಲ್ಲಿ ಕರೆಗಂಟೆ ಕೆಟ್ಟಿದ್ರೆ ನರ್ಸ್ ಬರ್ತಾಳಾ?"

ನಾನು ಕಾನೂನಿನ ಮೊರೆ ಹೊಕ್ಕೆ. ಕಾರು ಕುದಿದಿಲ್ಲ, ಆದ್ದರಿಂದ ಕೀ ಇನ್ನೂ ನನ್ನದೇ ಎಂದೆ. ಆಗಲಿ, ಕರೆಗಂಟೆ ಯಾಕೆ ಕೆಟ್ಟಿತೆಂದು ತಿಳಿಯಲಿ, ಕಾರಿನ ತಪ್ಪಾದರೆ ಕೀ ನಿಮಗೇ ಇರಲಿ ಎಂದು ಒಪ್ಪಿದಳು. ಹಳೆಯ ಕಾರು, ಹಳೆಯ ವೈರು, ತಪ್ಪು ಕಾರಿನದಲ್ಲದೆ ಇನ್ನಾರದು? ಖುಷಿಯಿಂದ ಕೈ ಕುಲುಕಿದೆ. ಅತ್ತೆ ಸಾಕ್ಷಿ.

ಸೇತುವೆ ಇಳಿದರೆ ಕಾರುಗಳ ವೈರಿಂಗ್ ಮಾಡುವವರ ಶೆಡ್ಡು. ಊರಿಗೆಲ್ಲ ಅವರು ಕರೆಂಟ್ ಮಾವ. ನನ್ನ ನೋಟ್‌ಬುಕ್ಕನ್ನು ಮುಂದೆ ಹಿಡಿದೆ. ಅವರು ನೋಡಲಿಲ್ಲ. ಹೆಂಡತಿ ಜ್ವರದ ಪಟ್ಟಿ ಕೊಟ್ಟಳು. (ಗೋಡೆಯಿಂದ ಕಿತ್ತು ತಂದಿದ್ದಳು.) ಅದನ್ನು ಕನ್ನಡಕ ಏರಿಸಿ ಎರಡು ಸಲ ಓದಿ, ತಲೆದೂಗಿ, ಗೋಣಿ ಹಾಸಿ ಕಾರಿನಡಿಗೆ ತೂರಿದರು. ರೇಡಿಯೇಟರಿನ ಬುಡದಲ್ಲಿ ಬಿಸಿ ತಿಳಿಯುವ ಸ್ವಿಚ್ಚೊಂದು ಇರುತ್ತದಂತೆ.

ಕಾರಿನಡಿಯಿಂದ ನಗು ಕೇಳಿಸಿತು.

"ಸ್ವಿಚ್ಚಿಗೆ ಏನೂ ಆಗಿಲ್ಲ. ಇದರ ಪ್ಲಗ್ಗನ್ನ ಬಿಚ್ಚಿ ಯಾರೋ ಪಕ್ಕಕ್ಕೆ ಕಟ್ಟಿಟ್ಟಿದ್ದಾರೆ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಾರೆ ಅಂದ್ರೆ, ಬಿಚ್ಚೋಕೆ ಮನಸ್ಸೇ ಬರ್ತಿಲ್ಲ ತಾಯಿ."

ಒಂದು ಕೈ ಹೊರಬಂತು. ಬೆರಳ ತುದಿಯಲ್ಲಿ ಹಸಿರು ಬಟ್ಟೆಯ ಪಟ್ಟಿ ತೂಗುತ್ತಿತ್ತು.

ನೆನಪಾಯಿತು. ಚಳಿಗಾಲದಲ್ಲಿ ನಾನೇ ಎಂಜಿನ್ನಿಗೆ ಪೈಪು ಹಿಡಿದು ಸ್ನಾನ ಮಾಡಿಸಿದ್ದೆ. ಆಗ ಕೆಳಗೆ ಒಂದು ಪ್ಲಗ್ಗು ಕಳಚಿ ಜೋತಾಡುತ್ತಿತ್ತು. ಅದಿಲ್ಲದೆಯೂ ಕಾರು ಚೆನ್ನಾಗಿಯೇ ಓಡಿದ್ದರಿಂದ, ವಾಕ್ಯದಲ್ಲಿ ಹೆಚ್ಚಾದ ಪದವನ್ನು ಹೊಡೆದುಹಾಕುವಂತೆ, ಇದು ಅನಗತ್ಯವೆಂದು ತೀರ್ಮಾನಿಸಿ ಸುತ್ತಿ ಕಟ್ಟಿದ್ದೆ.

ಅತ್ತೆ ತಮ್ಮ ಕನ್ನಡಕ ತೆಗೆದು, ಅದರ ಹಸಿರು ಕಾಲನ್ನು ಆ ಪಟ್ಟಿಯ ಪಕ್ಕ ಹಿಡಿದು ಬಣ್ಣ ಹೋಲಿಸಿದರು. ಹೆಂಡತಿ ಅಂಗೈ ಚಾಚಿದಳು. ನಾನು ಕೀ ಇಟ್ಟೆ, ಆಮೇಲೆ ಜೇಬಿನಿಂದ ರಿಲೇಯನ್ನೂ ತೆಗೆದು ಇಟ್ಟೆ.

ಈಗ ಕಾರು ಕುದಿಯುವುದಿಲ್ಲ, ಹಾರ್ನು ಕೂಗುತ್ತದೆ. ಬೆಳಿಗ್ಗೆ ಅವಳು ನನ್ನನ್ನು ಮುದ್ರಣಾಲಯದ ಬಾಗಿಲಲ್ಲಿ ಇಳಿಸಿ ಆಸ್ಪತ್ರೆಗೆ ಹೋಗುತ್ತಾಳೆ. ಎಸಿಯ ಚಳಿಗೆ ಶಾಲು ಹೊದ್ದು, ಗಾಜಿನಾಚೆಯ ಮರಗಳನ್ನು ಎಣಿಸುತ್ತೇನೆ. ಇನ್ನೂರ ಹದಿನಾಲ್ಕು ಇವೆ. ಜ್ವರದ ಪಟ್ಟಿ ಮರಳಿ ಅಡುಗೆಮನೆಯ ಗೋಡೆಗೆ ಬಂದಿದೆ. ಅದರ ಕೊನೆಯ ಸಾಲಿನಲ್ಲಿ ಅವಳ ದುಂಡು ಅಕ್ಷರ: "ರೋಗದ ಕಾರಣ: ಯಜಮಾನರು. ಚಿಕಿತ್ಸೆ: ಪಕ್ಕದ ಸೀಟು."

ಕರಡು ತಿದ್ದುವವನಲ್ಲವೇ, ಕೆಂಪು ಪೆನ್ನು ಹಿಡಿದು ಅದನ್ನು ಮೂರು ಸಲ ಓದಿದೆ. ತಿದ್ದುವಂಥದ್ದು ಏನೂ ಸಿಗಲಿಲ್ಲ.