ಕನಕರಾಯನ ಕೋರಿಕೆ ಕಾರ್ಡು

೧೯೮೭ರ ಆಗಸ್ಟ್ ಹನ್ನೊಂದರ ಸಂಜೆ, ತೀರಿಕೊಂಡು ಮೂರು ವರ್ಷವಾಗಿದ್ದ ಸಿಂಧನೂರಿನ ಕನಕರಾಯನು ಒಂದು ಪ್ರೇಮಗೀತೆ ಹಾಕಬೇಕೆಂದು ಬಾನುಲಿ ನಿಲಯವನ್ನು ಕೋರಿದನು. ನಿಲಯವು ಕೋರಿಕೆಯನ್ನು ಮನ್ನಿಸಿತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ನಿಲಯಕ್ಕೆ ಕೇಳುಗರು ಬೇಕಾಗಿದ್ದರು, ಕೇಳುಗರನ್ನು ಅಲ್ಲಿ ಪೋಸ್ಟ್‌ಕಾರ್ಡುಗಳಿಂದ ಎಣಿಸುತ್ತಿದ್ದರು. ಆದಕಾರಣ, ಯಾವ ಹೋಟೆಲಿನಿಂದ ಅತಿ ಹೆಚ್ಚು ಕೋರಿಕೆ ಕಾರ್ಡು ಬರುವುದೋ ಆ ಹೋಟೆಲಿನ ಹೆಸರನ್ನು ತಿಂಗಳಿಗೊಮ್ಮೆ ಪುಕ್ಕಟೆ ಓದಲಾಗುವುದೆಂದು ಪ್ರಕಟಣೆ ಹೊರಟಿತು. ಹೋಟೆಲಿನವರಿಗೆ ಗಿರಾಕಿ ಬೇಕಾಗಿದ್ದರು. ಸಿಂಧನೂರಿನ ಹೋಟೆಲ್ ಮಾಲೀಕ ಅಮರಗುಂಡಪ್ಪ, ಒಂದು ಪ್ಲೇಟು ಒಗ್ಗರಣೆ ಮಿರ್ಚಿ ತಿಂದವರ ಹೆಸರು ರೇಡಿಯೊದಲ್ಲಿ ಬರುತ್ತದೆಂದು ಬೋರ್ಡು ಹಾಕಿದ. ಭತ್ತ ಮಾರಲು ಬಂದ ಜವಳಗೇರಾದ ರೈತರು ಹಸಿವಿಲ್ಲದಿದ್ದರೂ ತಿಂದರು. ಲಿಂಗಸುಗೂರಿನ ಹೋಟೆಲಿನವರು ಶಾಲೆಯ ಹಾಜರಿ ಪುಸ್ತಕ ನಕಲು ಮಾಡಿ ಮುಂದೆ ಹೋದರು. ಮಸ್ಕಿಯವರು ಎತ್ತುಗಳ ಹೆಸರನ್ನೂ ಬಿಡಲಿಲ್ಲ. ಅಮರಗುಂಡಪ್ಪ ಮತದಾರರ ಪಟ್ಟಿ ತರಿಸಿದ. ಅದರಲ್ಲಿ ಕನಕರಾಯ ಇನ್ನೂ ಇದ್ದ.

ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಹೆಸರಿಗೆ ಇಪ್ಪತ್ತೆಂಟು ನಿಮಿಷ, ಹಾಡಿಗೆ ಎರಡು ನಿಮಿಷ ಸಿಗತೊಡಗಿತು. ಆ ಎರಡು ನಿಮಿಷವೂ ಅಡ್ಡಿಯಾಗುತ್ತದೆಂದು ಮುದಗಲ್‌ನಿಂದ ದೂರು ಬಂತು.

ಕನಕರಾಯನ ಹೆಂಡತಿ ಯಮನೂರಮ್ಮ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮುಂದಿನ ತಿಂಗಳು ಅವಳ ವಿಧವಾ ವೇತನ ಬರಲಿಲ್ಲ. ಅದು ಬರದಿದ್ದರೆ ಮನೆಯಲ್ಲಿ ಒಂದು ಹೊತ್ತಿನ ಒಲೆ ಹಚ್ಚುವಂತಿರಲಿಲ್ಲ. ಅವಳು ಪಿಂಚಣಿ ಕಚೇರಿಗೆ ಹೋದಳು.

"ನಿನ್ನ ಗಂಡ ರೇಡಿಯೊದಾಗ ಬಂದಾನಲ್ಲಬೇ," ಎಂದ ಗುಮಾಸ್ತ ಶಿವಶರಣಪ್ಪ.

"ಅಂವ ಸತ್ತು ಮೂರು ವರ್ಷ ಆತ್ರಿ ಸಾಹೇಬ್ರ. ನಾನಾ ಮಣ್ಣು ಕೊಟ್ಟೀನಿ."

"ನೀ ಮಣ್ಣು ಕೊಟ್ಟಿದ್ದು ಖಾಸಗಿ. ರೇಡಿಯೊ ಸರ್ಕಾರದ್ದು. ಸರ್ಕಾರ ಅದಾನ ಅಂದಮ್ಯಾಲ ಇಲ್ಲ ಅನ್ನಾಕ ನಾ ಯಾರು?"

"ಇದ್ರ ನನ್ನ ಗಂಡನ್ನ ನನಗ ಕೊಡ್ರಿ ಮತ್ತ!"

"ಅದು ನಮ್ಮ ಸೆಕ್ಷನ್ನಿಗೆ ಬರೂದಿಲ್ಲ."

ಅವಳು ಓದುಬರಹ ಬಲ್ಲವರಿಂದ ನಿಲಯಕ್ಕೆ ಬರೆಸಿದಳು. ಎಂಟನೇ ದಿನ ಉತ್ತರ ಬಂತು: "ಕೋರಿಕೆಯನ್ನು ಹಿಂಪಡೆಯುವ ಹಕ್ಕು ಕೋರಿದವರಿಗೆ ಮಾತ್ರ ಇರುತ್ತದೆ. ಶ್ರೀ ಕನಕರಾಯ ಅವರು ತಾವು ಮೃತರಾಗಿರುವ ಸಂಗತಿಯನ್ನು ಸ್ವಂತ ಸಹಿಯೊಂದಿಗೆ ಕಾರ್ಡಿನಲ್ಲಿ ತಿಳಿಸತಕ್ಕದ್ದು. ನಮ್ಮ ಕಾರ್ಯಕ್ರಮಗಳನ್ನು ತಪ್ಪದೇ ಕೇಳಿ."

ಯಮನೂರಮ್ಮನ ಸಿಟ್ಟು ನೆತ್ತಿಗೇರಿತು. ಅವಳು ಪತ್ರವನ್ನು ಒಯ್ದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು.

"ಸಾವ್ಕಾರ್ರ, ನಿಮ್ಮ ಮಿರ್ಚಿ ಮಾರಾಕ ನನ್ನ ಗಂಡನ್ನ ಎಬ್ಬಿಸೀರಿ. ಈಗ ನೀವಾ ಮಲಗಿಸ್ರಿ."

ಅಮರಗುಂಡಪ್ಪ ನ್ಯಾಯವಂತ. ಕೂಡಲೇ ಕಾರ್ಡು ತೆಗೆದು, "ನಾನು ಸತ್ತಿದ್ದೇನೆ, ದಯವಿಟ್ಟು ಓದಿ" ಎಂದು ಬರೆದು, ಕೆಳಗೆ ಕನಕರಾಯನ ಸಹಿ ಹಾಕಿದ. ಬದುಕಿರುವವರೆಗೂ ಹೆಬ್ಬೆಟ್ಟು ಒತ್ತಿದವನ ಸಹಿ ಬಹಳ ಚಂದ ಬಂದಿತ್ತು. ಮುಂದಿನ ವಾರ ಉದ್ಘೋಷಕಿ ಅದನ್ನು ಓದಿದಳು, ವೇತನ ಮತ್ತೆ ಶುರುವಾಯಿತು.

ಪಟ್ಟಿಯಿಂದ ಎದ್ದುಬಂದಿದ್ದ ಉಳಿದವರೂ ಕಾರ್ಡು ಬರೆದರು. ಅಷ್ಟು ಕಾರ್ಡು ಕಂಡ ನಿಲಯ, ಮೃತ ಶ್ರೋತೃಗಳಿಗಾಗಿಯೇ ಬುಧವಾರ ಕಾಲು ಗಂಟೆ ಮೀಸಲಿಟ್ಟಿತು. ಅಮರಗುಂಡಪ್ಪ ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿದ. ಪಿಂಚಣಿ ಕಚೇರಿ ಸುತ್ತೋಲೆ ಹೊರಡಿಸಿತು: ವಿಧವೆಯರ ಪತಿಯಂದಿರು ಪ್ರತಿ ವರ್ಷ ನವೆಂಬರ್ ಮೊದಲ ವಾರದಲ್ಲಿ, ತಾವು ಇನ್ನೂ ಮೃತರಾಗಿಯೇ ಇರುವುದನ್ನು ಬಾನುಲಿಯ ಮೂಲಕ ದೃಢೀಕರಿಸತಕ್ಕದ್ದು. ತಪ್ಪಿದಲ್ಲಿ ಜೀವಂತರೆಂದು ಭಾವಿಸಲಾಗುವುದು.

೧೯೮೯ರಲ್ಲಿ ಕನಕರಾಯನ ಕಾರ್ಡು ಅಂಚೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಹದಿನೈದು ದಿನ ಅವನು ಬದುಕಿದ್ದ. ನಡುವೆ ಕಾರ್ತಿಕದ ಗೌರಿ ಹುಣ್ಣಿಮೆ ಬಂತು. ಪಕ್ಕದ ಮನೆಯ ಶಿವಬಸಮ್ಮ ಬಾಗಿಲಿಗೆ ಬಂದಳು.

"ಉಡಿ ತುಂಬಸ್ಕೊಳ್ಳಾಕ ಬಾ ಯವ್ವಾ."

"ನಾನ? ನನ್ನ ಯಾಕ ಕರೀತಿ?"

"ನಿನ್ನ ಗಂಡ ಈ ವರ್ಷ ಸತ್ತಿಲ್ಲಲ್ಲ. ರೇಡಿಯೊದಾಗ ಹೇಳಿಲ್ಲ."

ಐದು ವರ್ಷದಲ್ಲಿ ಅವಳನ್ನು ಇಂಥದಕ್ಕೆ ಯಾರೂ ಕರೆದಿರಲಿಲ್ಲ. ದಾರಿಯಲ್ಲಿ ಎದುರಾದರೆ ಸರಿದು ನಿಲ್ಲುತ್ತಿದ್ದ ಹೆಂಗಸರೇ ಮಣೆ ಹಾಕಿ ಕೂರಿಸಿದರು, ಹಣೆಗೆ ಕುಂಕುಮ ಹಚ್ಚಿದರು, ಕೈತುಂಬ ಹಸಿರು ಬಳೆ ತೊಡಿಸಿದರು. ಯಮನೂರಮ್ಮ ಅತ್ತಳು. ಸಂತೋಷಕ್ಕೇ ಅತ್ತಳು. ಮುಂದಿನ ಬುಧವಾರ ಕನಕರಾಯ ಸತ್ತ. ಅವಳು ಬಳೆಗಳನ್ನು ಒಡೆಯದೆ ಒಂದೊಂದಾಗಿ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಆ ಹದಿನೈದು ದಿನದ ವೇತನವನ್ನು ಕಚೇರಿ ಮುರಿದುಕೊಂಡಿತು.

ಮರುವರ್ಷದಿಂದ ಅವಳು ಕಾರ್ಡನ್ನು ಹುಣ್ಣಿಮೆ ಕಳೆಯುವವರೆಗೂ ಅಂಚೆ ಡಬ್ಬಿಗೆ ಹಾಕಲಿಲ್ಲ. ವೇತನ ಕಡಿತವಾಯಿತು, ಅವಳು ತಕರಾರು ಮಾಡಲಿಲ್ಲ. ಶಿವಶರಣಪ್ಪ ಕಡತದಲ್ಲಿ ಪ್ರತಿ ವರ್ಷ ಒಂದೇ ಮಾತು ಬರೆದ: "ಮೃತರಿಂದ ವಿಳಂಬ. ಮನ್ನಿಸಲಾಗಿದೆ."